ಎರಡು ಬೆಳ್ಳಕ್ಕಿ, ಒಂದು ಕಲೆ

ತಪ್ಪೆಲ್ಲ ಆ ಕೊಕ್ಕಿನದು. ಕೆರೆದಂಡೆಯ ಬೋರ್ಡಿನಲ್ಲಿ ಪೇಂಟರ್ ಎರಡು ಬೆಳ್ಳಕ್ಕಿ ಬರೆದಿದ್ದ, ಒಂದು ದೊಡ್ಡದು, ಒಂದು ಚಿಕ್ಕದು. ಎರಡಕ್ಕೂ ಹಳದಿ ಕೊಕ್ಕು. ಸಂಜೆ ಐದಕ್ಕೆ ಅರಣ್ಯ ಇಲಾಖೆಯ ಸಾಹೇಬರು ಬಂದು ಬೋರ್ಡಿನ ಪರದೆ ಸರಿಸುವವರಿದ್ದರು.

ಇಪ್ಪತ್ತು ವರ್ಷ ಊರವರ ಹೆಸರನ್ನೆಲ್ಲ ಬೋರ್ಡಿಗೆ ಬರೆದವನು ಊರಿಗೆ ಬರೀ ‘ಪೇಂಟರ್’. ಅವನ ಹೆಸರು ಹೆಂಡತಿಯನ್ನು ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಈ ಸಲ ಸಾಹೇಬರೇ, “ನಿನ್ನ ಹೆಸರೂ ಹಾಕ್ಕೋಪ್ಪಾ” ಎಂದಿದ್ದರು. ಬೆಳಿಗ್ಗೆ ಮೊದಲ ಕೆಲಸವೆಂದು ಮೂಲೆಯಲ್ಲಿ ‘ಕಲೆ’ ಎಂದು ಬರೆದು, ಮುಂದೆ ತನ್ನ ಹೆಸರನ್ನು ದುಂಡಗೆ ಕೂರಿಸಿದ್ದ. ಅದನ್ನು ನೋಡಲು ಹೆಂಡತಿ ತವರಿನವರನ್ನೆಲ್ಲ ಕರೆದಿದ್ದಳು.

ವಾಕಿಂಗ್ ಹೊರಟಿದ್ದ ಡ್ರಾಯಿಂಗ್ ಮೇಷ್ಟ್ರು ಬೋರ್ಡ್ ನೋಡಿ ನಿಂತರು.

“ಅಲ್ಲಯ್ಯಾ, ಚಿಕ್ಕದರ ಕೊಕ್ಕು ಕಪ್ಪು ಕಣೋ! ಅಗೋ, ನೀರಲ್ಲಿ ನಿಂತಿದೆಯಲ್ಲ, ನೋಡ್ಕೋ.”

ನೋಡಿದರೆ ನಿಜವೇ. ಪೇಂಟರ್ ಕಪ್ಪು ಬಳಿದ.

“ಪಾದ?”

“ಪಾದ ನೀರೊಳಗಿದೆ ಸಾರ್. ಯಾರಿಗೆ ಕಾಣುತ್ತೆ?”

“ನಿನ್ನ ಬೋರ್ಡಲ್ಲಿ ನೀರೆಲ್ಲಿದೆ? ಚಿಕ್ಕದಕ್ಕೆ ಕೊಕ್ಕು ಕಪ್ಪು, ಪಾದ ಹಳದಿ. ದೊಡ್ಡದಕ್ಕೆ ಕೊಕ್ಕು ಹಳದಿ, ಪಾದ ಕಪ್ಪು. ಗೊತ್ತಾಯ್ತಾ?”

“ಗೊತ್ತಾಯ್ತು ಸಾರ್,” ಎಂದ ಪೇಂಟರ್, ಏನೂ ಗೊತ್ತಾಗದೆ. ಹಳದಿ ಪಾದ ದೊಡ್ಡದಕ್ಕೆ ಹೋಯಿತು.

ಮೇಷ್ಟ್ರು ಹಣೆ ಚಚ್ಚಿಕೊಂಡರು. ಪೇಂಟರ್ ಒರೆಸಿದ, ಬಳಿದ, ಮತ್ತೆ ಒರೆಸಿದ. ಅವನ ಪಾಡು ನೋಡಲಾರದೆ ಕೆರೆಯ ಚಿಕ್ಕ ಬೆಳ್ಳಕ್ಕಿಯೇ ಒಂದು ಕಾಲೆತ್ತಿ ತೋರಿಸಿತು. ಹಳದಿ ಕಾಲುಚೀಲ ತೊಟ್ಟ ಹಾಗಿತ್ತು! ಅಂತೂ ನಾಲ್ಕೂವರೆಗೆ ಎರಡೂ ಹಕ್ಕಿ ಸರಿಹೋದವು. ಬೋರ್ಡಿನ ತುಂಬ ಮಾತ್ರ ಬಣ್ಣದ ಹನಿ. ಅವನ ಮೀಸೆಯೂ ಅರ್ಧ ಹಳದಿಯಾಗಿತ್ತು.

ಅಷ್ಟರಲ್ಲಿ ಸಾಹೇಬರ ಫೋನು. “ಬೋರ್ಡ್ ಮೇಲೆ ಒಂದೇ ಒಂದು ಕಲೆ ಇರಬಾರ್ದು, ಹುಷಾರ್!”

ಪೇಂಟರ್ ಸೀಮೆಎಣ್ಣೆಯ ಬಟ್ಟೆಯನ್ನು ಕೆರೆಯ ವಾಚ್‌ಮನ್ ಕೈಗಿತ್ತ. “ಅಣ್ಣಾ, ಎಲ್ಲೆಲ್ಲಿ ಕಲೆ ಕಾಣುತ್ತೋ ಒರೆಸಿ, ಪರದೆ ಎಳೆದುಬಿಡು. ಮುಖ ತೊಳ್ಕೊಂಡು ಓಡಿ ಬಂದೆ.”

ಐದಕ್ಕೆ ಪರದೆ ಸರಿಯಿತು. “ಭೇಷ್! ಒಂದೂ ತಪ್ಪಿಲ್ಲ!” ಎಂದರು ಸಾಹೇಬರು. ಮೇಷ್ಟ್ರೂ ತಲೆದೂಗಿದರು. ಪೇಂಟರ್ ಆಗಷ್ಟೇ ತೊಳೆದ ಮೀಸೆ ತಿರುವಿಕೊಂಡ.

“ರೀ, ನಿಮ್ಮ ಹೆಸರೆಲ್ಲಿ?” ಎಂದಳು ಹೆಂಡತಿ.

ಮೂಲೆ ಬೆಳ್ಳಕ್ಕಿಯಷ್ಟೇ ಬೆಳ್ಳಗಿತ್ತು.

ವಾಚ್‌ಮನ್ ಹತ್ತಿರ ಬಂದು ಹೆಮ್ಮೆಯಿಂದ ಪಿಸುಗುಟ್ಟಿದ. “ಬೇರೆ ಕಲೆಯೆಲ್ಲ ಹುಡುಕಿ ಹುಡುಕಿ ಸಾಕಾಯ್ತಣ್ಣ. ಮೂಲೇದು ಮಾತ್ರ ಸಲೀಸು. ಯಾರೋ ಪುಣ್ಯಾತ್ಮ ‘ಕಲೆ’ ಅಂತ ಬರೆದೇ ಇಟ್ಟಿದ್ದ!”