ಅತ್ತೆಯ ಮೂಗು ಮತ್ತು ಎರಡು ಕ್ಯಾನು ಎಣ್ಣೆ

ನಮ್ಮ ಸೋದರತ್ತೆಯ ಮೂಗಿಗೆ ಹೆದರಿ ಎರಡು ಮದುವೆಗಳೇ ಮುಂದಕ್ಕೆ ಹೋಗಿವೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಒಂದೇ ಮದುವೆ! ನನ್ನಿವಾಳ ಹಳ್ಳಿಯ ಈ ಅತ್ತೆ ಬೋಂಡಾವನ್ನು ಮುರಿದು ಮೂಸದೆ ಬಾಯಿಗಿಟ್ಟವರಲ್ಲ. ನನಗೆ ಹೆಣ್ಣು ನೋಡಲು ಬಿ.ಜಿ. ಕೆರೆಗೆ ಹೋದಾಗಲೂ ಅಷ್ಟೇ, ಅವರು ಕೊಟ್ಟ ಬೋಂಡಾ ಮೂಸಿದರು. "ಹುಡುಗಿ ಚೆನ್ನಾಗವ್ಳೆ. ಎಣ್ಣೆ ಮಾತ್ರ ಪರದೇಶದಿಂದ ಹಡಗಿನಾಗೆ ಬಂದಿದ್ದು" ಎಂದುಬಿಟ್ಟರು! ಮುಂದಕ್ಕೆ ಹೋದ ಮದುವೆ ಅದೇ. ಆ ಹುಡುಗಿಯೇ ಈಗ ನನ್ನ ಹೆಂಡತಿ. ಅತ್ತೆ ಬರುತ್ತಾರೆಂದರೆ ಬಾಣಲೆ ಮುಟ್ಟಲು ಹೆದರುತ್ತಿದ್ದಳು. ಒಂದು ವರ್ಷದಿಂದೀಚೆಗೆ ಮಾತ್ರ ಅತ್ತೆ ನಮ್ಮ ಬೋಂಡಾ ಮೂಸಿ "ಚೆನ್ನಾಗೈತೆ" ಎನ್ನುತ್ತಿದ್ದಾರೆ. ವಯಸ್ಸಾಯಿತು, ಮೆತ್ತಗಾದರು ಎಂದುಕೊಂಡು ನಾವು ಧೈರ್ಯವಾಗಿ ಪಾಕೀಟಿನ ಎಣ್ಣೆಯಲ್ಲೇ ಕರಿಯುತ್ತಿದ್ದೆವು.

ಚಳ್ಳಕೆರೆಯ ಬೀದಿಬೀದಿಯಲ್ಲೂ ಶೇಂಗಾ ಎಣ್ಣೆಯ ಮಿಲ್ಲುಗಳಿದ್ದ ಕಾಲದ ಮೂಗು ಅದು. ದೊಡ್ಡ ಕಂಪನಿಗಳ ಪಾಕೀಟು ಬಂದ ಮೇಲೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅತ್ತೆಯ ಪಾಲಿಗೆ ಉಳಿದದ್ದು ಸಾಹೇಬರೊಬ್ಬರ ಪುಟ್ಟ ಮಿಲ್ಲು. ತಿಂಗಳಿಗೊಮ್ಮೆ ಹೊಲದ ಶೇಂಗಾ ಬೀಜ, ಖಾಲಿ ಕ್ಯಾನು ಹಿಡಿದು ಬಸ್ಸಿನಲ್ಲಿ ಚಳ್ಳಕೆರೆಗೆ ಬರುತ್ತಾರೆ. ಚೀಲ ಹೊರುವುದು ನನ್ನ ಕೆಲಸ. ನಾನೋ ಇಲ್ಲಿನ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು, ಬಾಯಿ ಮುಚ್ಚಿಕೊಂಡು ಹೊರಲಾದೀತೇ?

"ಅತ್ತೆ, ಇದು ವ್ಯವಸ್ಥೆ ತಪ್ಪು. ಆಮದು ನೀತಿ, ಕಂಪನಿಗಳ ದುರಾಸೆ... ನಿನ್ನ ಒಂದು ಕ್ಯಾನಿಗೆ ಕಂಪನಿ ಮುಳುಗ್ತೈತಾ?"

"ಅವ್ರು ನನ್ನ ಕೇಳಿ ಏನೂ ಮಾಡಂಗಿಲ್ಲ. ನನ್ನ ಒಗ್ಗರಣೆ ನನ್ನ ಕೇಳೇ ಆಗ್ತೈತಲ್ಲ! ಚೀಲ ನೆಟ್ಟಗೆ ಹಿಡ್ಕ, ಬೀಜ ಸೋರ್ತೈತೆ."

ಅತ್ತೆ ಸೋತದ್ದನ್ನು ನಾನು ನೋಡಿದ್ದು ಒಮ್ಮೆ ಮಾತ್ರ. ಅವರ ಹೊಲಕ್ಕೆ ಕೂಲಿಗೆ ಬರುವ ಹೆಣ್ಣುಮಗಳ ಕೈಯಲ್ಲಿ ಎಣ್ಣೆ ಪಾಕೀಟು ಕಂಡು ಬೈದರು. ಆಕೆ ಮೆಲ್ಲಗೆ, "ನಿಮ್ಮ ಶೇಂಗಾ ಕಳೆ ತೆಗೆಯೋಳೇ ನಾನು ಕಣಮ್ಮ. ನೀವ್ ಕೊಡೋ ಕೂಲಿಗೆ ಪಾಕೀಟೇ ಬರೋದು" ಎಂದಳು. ಮರುವಾರ ಕೂಲಿ ಹೆಚ್ಚಿತು, ತಿಂಗಳಿಗೆ ಒಂದಿದ್ದ ಕ್ಯಾನು ಎರಡಾಯಿತು, ಒಂದು ಆಕೆಯ ಮನೆಗೆ. ನನ್ನ ಹೆಗಲ ಮೇಲಿನ ಚೀಲವೂ ದಪ್ಪವಾಯಿತು. ಇದನ್ನು ಯಾವ ಪಾಠದಲ್ಲಿ ಸೇರಿಸಲಿ, ಹೇಳಿ!

ಕಳೆದ ತಿಂಗಳು ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. "ಮಿಲ್ಲು ಮುಚ್ಚೋಣ ಅಂತ ದಿನಾ ಅನ್ಕಂತೀನಿ ಮೇಷ್ಟ್ರೇ. ಅಕ್ಕ ಬಂದು ಮೂಸಿ ಭೇಷ್ ಅಂದ್ರೆ ಇನ್ನೊಂದು ತಿಂಗಳು ನಡೆಸೋಣ ಅನ್ನಿಸ್ತೈತೆ."

ಒಳಗೆ ಅತ್ತೆ ಹೊಸ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ಮೂಸಿ, "ಭೇಷ್ ಸಾಹೇಬ್ರೆ!" ಎಂದರು. ಸಾಹೇಬರ ಮುಖ ಅರಳಿತು.

ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ನಾನು, "ನಿನ್ನ ಮೂಗಿಂದ್ಲೇ ಆ ಮಿಲ್ಲು ನಡೀತೈತೆ" ಎಂದೆ. ಅತ್ತೆ ನಿಂತುಬಿಟ್ಟರು.

"ಯಾರ್ಗೂ ಹೇಳ್ಬ್ಯಾಡ ಕಣೋ. ಹೋದ್ವರ್ಷ ಜ್ವರ ಬಂತಲ್ಲ, ಅವತ್ತಿಂದ ನಂಗೆ ವಾಸ್ನೆನೇ ತಿಳಿಯಂಗಿಲ್ಲ. ಎಲ್ಲಾ ಎಣ್ಣೆನೂ ಒಂದೇ ಆಗೈತೆ."

"ಮತ್ತೆ ಭೇಷ್ ಅಂದೆ?"

"ಅವ್ರು ಮೋಸ ಮಾಡೋ ಮನುಷ್ಯ ಅಲ್ಲ, ನಂಬಿಕೆ ಐತೆ. ನಿಮ್ಮನೆ ಬೋಂಡಾನೂ ಹಂಗೇ ನಂಬಿ ತಿಂತೀನಲ್ಲ."

ನನಗೆ ನಾಚಿಕೆಯಾಯಿತು, ಅಳುವೂ ಬಂತು. ವ್ಯವಸ್ಥೆಯ ತಪ್ಪು ಈಗಲೂ ತಪ್ಪೇ, ಆದರೆ ನಮ್ಮ ಬಾಣಲೆಗೆ ಪಾಕೀಟಿನ ಎಣ್ಣೆ ಸುರಿದದ್ದು ವ್ಯವಸ್ಥೆಯಲ್ಲ. ಅತ್ತೆ ಕ್ಯಾನಿನ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು.

"ನೀನ್ ಮೂಸಿ ಹೇಳು. ಹೆಂಗೈತೆ?"

ಬಗ್ಗಿ ಮೂಸಿದೆ. ಬಾಲ್ಯದ ಚಳ್ಳಕೆರೆಯೇ ಮೂಗಿಗೆ ಬಂತು.

"ಭೇಷ್ ಐತೆ ಅತ್ತೆ," ಎಂದೆ. "ಮುಂದಿನ ತಿಂಗ್ಳು ಮೂರು ಕ್ಯಾನು ತಗೊಂಡ್ ಬಾ."