ಬೆಸುಗೆಯ ವೇಳೆ ಕೂಲರ್ ಹಚ್ಚುವ ತಾಯಂದಿರ ಬಗ್ಗೆ

ಸಂಖ್ಯೆ: ಮ.ಬೆ/ಆ-ಅ-ಜೇ/ತೂತು/04/2025-26
ದಿನಾಂಕ: 28.04.2025

ಸುತ್ತೋಲೆ

ವಿಷಯ: ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ಹವ್ಯಾಸಕ್ಕಾಗಿ ಮನೆಯಲ್ಲಿ ಮಿಗ್ ವೆಲ್ಡಿಂಗ್ ಮಷೀನು ಇಟ್ಟುಕೊಂಡವರ ಬೆಸುಗೆಯಲ್ಲಿ ತೂತು ಬೀಳುತ್ತಿರುವ ಬಗ್ಗೆ.

ಉಲ್ಲೇಖ:
1) ಈ ಕಚೇರಿಯ ಸುತ್ತೋಲೆ ಸಂಖ್ಯೆ 02, ಕಂಡಿಕೆ 3 (ಈಗ ವಿಷಾದದೊಂದಿಗೆ ಓದಿಕೊಳ್ಳುವುದು).
2) ಇಜೇರಿ ಗ್ರಾಮದ ಶ್ರೀಮತಿ ಗಂಗಾಬಾಯಿ ಅವರ ಮೌಖಿಕ ದೂರು.
3) ಗೋಣಿಚೀಲದಲ್ಲಿ ಸ್ವೀಕೃತವಾದ ಸ್ಟೂಲಿನ ಕಾಲುಗಳು, ಒಟ್ಟು ಹನ್ನೊಂದು. ಹನ್ನೆರಡನೆಯದನ್ನು ಹುಡುಕಲಾಗುತ್ತಿದೆ.

ಪ್ರಸ್ತಾವನೆ:

ಇಜೇರಿಯ ಶ್ರೀಮತಿ ಗಂಗಾಬಾಯಿ ಅವರಿಗೆ ಮೊಣಕಾಲು ನೋವಿದ್ದು, ನೆಲದ ಮೇಲೆ ಕುಳಿತು ರೊಟ್ಟಿ ಬಡಿಯಬಾರದೆಂದು ವೈದ್ಯರು ತಿಳಿಸಿರುತ್ತಾರೆ. ಅವರ ಮಗನೂ ಹೈಸ್ಕೂಲಿನ ಪ್ರಯೋಗಾಲಯ ಸಹಾಯಕರೂ ಆದ ಶ್ರೀ ಕಲ್ಯಾಣಕುಮಾರ ಅವರು, ತಾಯಿಯು ಅಡುಗೆ ಕಟ್ಟೆಯ ಎತ್ತರಕ್ಕೆ ಕುಳಿತು ರೊಟ್ಟಿ ಬಡಿಯಲೆಂದು ಕಬ್ಬಿಣದ ಸ್ಟೂಲು ಮಾಡಲು ಮುಂದಾಗಿ, ಈವರೆಗೆ ಮೂರು ಸ್ಟೂಲುಗಳನ್ನು ಮಾಡಿರುತ್ತಾರೆ. ಮೂರೂ ಮುರಿದಿರುತ್ತವೆ. ಮೂರನೆಯದು ಮುರಿದ ದಿನ ಕಲಸಿದ ಹಿಟ್ಟಿನ ಸಮೇತ ಕೆಳಗೆ ಬಿದ್ದ ಗಂಗಾಬಾಯಿ ಅವರು, ನಾಲ್ಕನೆಯದೂ ಹೀಗಾದರೆ ಮರಳಿ ನೆಲದ ಮೇಲೆಯೇ ಕೂರುವುದಾಗಿ ತಿಳಿಸಿರುತ್ತಾರೆ. ಸೊಸೆ ಶ್ರೀಮತಿ ಜಯಮಾಲಾ ಅವರ ಹೇಳಿಕೆ: "ನಾ ಬಡೀತೇನಿ ಬಿಡ್ರಿ ಅತ್ತಿ ಅಂದ್ರ ಕೇಳಂಗಿಲ್ರಿ. ನನ್ನ ರೊಟ್ಟಿ ದಪ್ಪ ಆಗ್ತಾವಂತ. ಮೊಣಕಾಲು ಹೋದ್ರೂ ಚಿಂತಿಲ್ಲ, ರೊಟ್ಟಿ ತೆಳ್ಳಗಿರಬೇಕಂತ."

ವಿಷಯದ ಗಂಭೀರತೆಯನ್ನು ಮನಗಂಡು ಈ ಸುತ್ತೋಲೆಯ ಸಹಿದಾರರು ಖುದ್ದಾಗಿ ಸ್ಥಳ ತನಿಖೆ ಮಾಡಿದ್ದು, ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ಬೆಸುಗೆಯಲ್ಲಿ ತೂತು ಕಂಡ ಕೂಡಲೇ ಮಷೀನನ್ನು ಬೈಯುವಂತಿಲ್ಲ. ಮೊದಲು ಮಷೀನಿನ ಗ್ಯಾಸ್ ಸಿಲಿಂಡರಿನ ನಲ್ಲಿ ತೆರೆದಿದೆಯೇ ಎಂದು ಪರಿಶೀಲಿಸತಕ್ಕದ್ದು. ಸುಸ್ಸ್ ಎಂಬ ಸದ್ದು ಕೇಳಿಸಿದರೆ ತೆರೆದಿದೆ ಎಂದು ಭಾವಿಸಬಹುದು. ಅಡುಗೆಮನೆಯ ಕುಕ್ಕರಿನ ಸದ್ದನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ.

2. ಕಬ್ಬಿಣದ ತುಕ್ಕು ಮತ್ತು ಬಣ್ಣವನ್ನು ಗ್ರೈಂಡರಿನಿಂದ ತೆಗೆಯತಕ್ಕದ್ದು. ಬಣ್ಣ ಚೆಂದವಿದೆ ಎಂಬ ಕಾರಣಕ್ಕೆ ಉಳಿಸುವಂತಿಲ್ಲ.

3. ಮಷೀನಿನ ಅರ್ಥ್ ತಂತಿಯ ಕ್ಲಾಂಪನ್ನು ಬರಿಯ ಕಬ್ಬಿಣಕ್ಕೇ ಕಚ್ಚಿಸತಕ್ಕದ್ದು. ಸಮೀಪದಲ್ಲಿದೆ ಎಂದು ಹಿರಿಯರು ಮಲಗಿರುವ ಮಂಚಕ್ಕೆ ಕಚ್ಚಿಸುವಂತಿಲ್ಲ. ಹಿರಿಯರು ಒಪ್ಪಿಗೆ ನೀಡಿದ್ದರೂ ಸಹ.

4. ಬೆಸುಗೆ ಸರಿಯಾಗಿ ನಡೆದಾಗ ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಬರುತ್ತದೆ. ಹೋಲಿಸಿ ನೋಡಲಿಕ್ಕಾಗಿಯೇ ಪ್ರತ್ಯೇಕವಾಗಿ ಒಗ್ಗರಣೆ ಹಾಕಿಸುವುದನ್ನು ನಿಷೇಧಿಸಲಾಗಿದೆ.

5. ಶ್ರೀ ಕಲ್ಯಾಣಕುಮಾರ ಅವರು ಮೇಲ್ಕಂಡ ನಾಲ್ಕನ್ನೂ ಪಾಲಿಸಿರುವುದು ತನಿಖೆಯಿಂದ ದೃಢಪಟ್ಟಿದೆ. ಆದಾಗ್ಯೂ ತೂತು ನಿಂತಿರುವುದಿಲ್ಲ. ಜೇವರ್ಗಿ ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿ ಇರುವ ಶ್ರೀ ಅಜರುದ್ದೀನ ಅವರನ್ನು ತಜ್ಞರೆಂದು ಕರೆಸಲಾಯಿತು. ಅವರ ಮಿಗ್ ಮಷೀನು ಇನ್ನೂ ಹಳೆಯದು. ಬೆಸುಗೆ ಮಾತ್ರ ಗಟ್ಟಿ. ಮುರಿದ ಕಾಲನ್ನು ಬಿಸಿಲಿಗೆ ಹಿಡಿದು ನೋಡಿ ಅವರು ನೀಡಿದ ತಜ್ಞ ವರದಿ: "ಕಲ್ಯಾಣಣ್ಣಾ, ವೆಲ್ಡಿಂಗ್ ಮಾಡೀಯೋ ಜೇನಗೂಡು ಕಟ್ಟೀಯೋ? ಒಂದ್ ನಾಕ್ ಹುಳಾ ಬಿಡು, ದಸರಾಕ್ಕ ಜೇನತುಪ್ಪಾ ತಗೀಬಹುದು."

6. ಇದಕ್ಕೆ ಶ್ರೀಮತಿ ಗಂಗಾಬಾಯಿ ಅವರು ಸಲ್ಲಿಸಿದ ಆಕ್ಷೇಪಣೆ: "ಬಾಯಿ ಮುಚ್ಚಲೇ ಅಜರಾ! ನಿನ್ನ ಅಂಗಡ್ಯಾಗ ಒಂದ್ ಫ್ಯಾನೂ ಇಲ್ಲ. ನನ್ನ ಮಗ ತಣ್ಣಗ ಕೂಲರ್ ಮುಂದ ಕುಂತು ಮಾಡ್ತಾನಂತ ಹೊಟ್ಟಿಕಿಚ್ಚು ನಿಂಗ." ಸದರಿ ಮಾತನ್ನು ಮೊದಲು ಬೈಗುಳ ಎಂದು ದಾಖಲಿಸಲಾಗಿತ್ತು. ಊಟದ ನಂತರ ಮರುಪರಿಶೀಲಿಸಿದಾಗ, ಅದರಲ್ಲೇ ತಾಂತ್ರಿಕ ಕಾರಣ ಇರುವುದು ಕಂಡುಬಂದಿದೆ. ಮಿಗ್ ಮಷೀನಿನ ಗ್ಯಾಸು ಕಾದ ಲೋಹವನ್ನು ಹೊದಿಕೆಯಂತೆ ಮುಚ್ಚಿ ಕಾಯುತ್ತದೆ. ಕೂಲರಿನ ಗಾಳಿಗೆ ಹೊದಿಕೆ ಹಾರಿಹೋಗಿ ಬೆಸುಗೆಯೊಳಗೆ ತೂತು ಬೀಳುತ್ತದೆ. ಮೂರು ಸ್ಟೂಲುಗಳನ್ನು ಮುರಿದದ್ದು ಕೂಲರು.

7. ಕೂಲರ್ ಇಟ್ಟದ್ದೇಕೆ ಎಂಬ ಪ್ರಶ್ನೆಗೆ ಶ್ರೀ ಕಲ್ಯಾಣಕುಮಾರ ಅವರು ಈ ಕಚೇರಿಯ ಸುತ್ತೋಲೆ 02ನ್ನು ಹಾಜರುಪಡಿಸಿ, ಕಂಡಿಕೆ 3ರ ಕೆಳಗೆ ಗೆರೆ ಎಳೆದು ತೋರಿಸಿರುತ್ತಾರೆ: "ಬೆಸುಗೆ ಸ್ಥಳದಲ್ಲಿ ಧಾರಾಳವಾಗಿ ಗಾಳಿ ಇರತಕ್ಕದ್ದು." ಸದರಿ ಕಂಡಿಕೆಯನ್ನು ಬರೆದವರು ಸಹಿದಾರರೇ. ಅಂದಿನಿಂದ ಸಹಿದಾರರಿಗೆ ಸರಿಯಾಗಿ ಊಟ ಸೇರುತ್ತಿಲ್ಲ ಎಂಬುದನ್ನು ಮಾಹಿತಿಗಾಗಿ ಮಾತ್ರ ತಿಳಿಸಲಾಗಿದೆ.

8. ಆದ್ದರಿಂದ ಕಂಡಿಕೆ 3ನ್ನು ಹೀಗೆ ತಿದ್ದುಪಡಿ ಮಾಡಲಾಗಿದೆ: "ಗಾಳಿ ಇರತಕ್ಕದ್ದು, ಬೀಸತಕ್ಕದ್ದಲ್ಲ."
ವಿವರಣೆ: ಊದಿನಕಡ್ಡಿ ಹಚ್ಚಿ ಇಟ್ಟಾಗ ಹೊಗೆ ನೆಟ್ಟಗೆ ಮೇಲೇರಿದರೆ ಅದು ಇರುವ ಗಾಳಿ. ಹೊಗೆ ಬಾಗಿದರೆ ಬೀಸುವ ಗಾಳಿ. ಊದಿನಕಡ್ಡಿ ಹಚ್ಚಿದ ಮೇಲೆ ಮನೆಯವರು ಕೈಮುಗಿದು ನಿಂತರೆ ಅಡ್ಡಿಯಿಲ್ಲ. ಗಂಟೆ ಬಾರಿಸುವಂತಿಲ್ಲ, ಕೈ ಆಡಿದರೆ ಗಾಳಿ ಏಳುತ್ತದೆ.

9. ಬೆಸುಗೆ ನಡೆಯುವ ಸ್ಥಳದಿಂದ ಹತ್ತು ಅಡಿಯೊಳಗೆ ಸೆರಗು ಬೀಸುವುದು, ಚಾದರ ಝಾಡಿಸುವುದು ಮತ್ತು ನಿಟ್ಟುಸಿರು ಬಿಡುವುದನ್ನು ನಿಷೇಧಿಸಲಾಗಿದೆ. ನಿಟ್ಟುಸಿರು ತಡೆಯಲಾಗದವರು ಗೋಡೆಯ ಕಡೆ ಮುಖ ಮಾಡಿ ಬಿಡತಕ್ಕದ್ದು. ಬಾಲ ಬೀಸುವ ಜಾನುವಾರುಗಳಿಗೆ ಈ ಸುತ್ತೋಲೆಯ ಕರಡನ್ನು ಓದಿ ಹೇಳಲಾಗಿ, ನಿರೀಕ್ಷಿತ ಸಹಕಾರ ದೊರೆತಿರುವುದಿಲ್ಲ. ಅವುಗಳನ್ನು ಬೇರೆಡೆ ಕಟ್ಟತಕ್ಕದ್ದು.

10. ಜೇವರ್ಗಿಯ ಹೆದ್ದಾರಿ ಪಕ್ಕದ ಮನೆಯವರು ಎರಡು ಲಾರಿಗಳ ನಡುವಿನ ಅವಧಿಯಲ್ಲಿ ಬೆಸುಗೆ ಹಾಕತಕ್ಕದ್ದು. ಆಳಂದ ಬಸ್ ನಿಲ್ದಾಣದ ಹಿಂಬದಿಯವರು ಬಸ್ಸು ಬರುವ ಮುನ್ನ ಮುಗಿಸತಕ್ಕದ್ದು. ಬಸ್ಸು ಯಾವಾಗ ಬರುತ್ತದೆ ಎಂದು ಈ ಕಚೇರಿಯನ್ನು ಕೇಳುವಂತಿಲ್ಲ. ಅಫಜಲಪುರದ ಕಡೆ ಭೀಮಾ ನದಿಯಿಂದ ಬೀಸುವ ಗಾಳಿಯ ಬಗ್ಗೆ ನದಿಗೆ ನೋಟಿಸು ನೀಡಲು ಅಧಿಕಾರವಿದೆಯೇ ಎಂದು ಮೇಲಧಿಕಾರಿಗಳಿಂದ ಸ್ಪಷ್ಟೀಕರಣ ಕೋರಲಾಗಿದೆ.

11. ಕೂಲರ್ ಬಂದ್ ಮಾಡುವಂತೆ ಸೂಚಿಸಿದಾಗ ಶ್ರೀಮತಿ ಗಂಗಾಬಾಯಿ ಅವರು ಅಡುಗೆ ಕಟ್ಟೆಯ ಪಕ್ಕದ ಸ್ವಿಚ್ಚಿಗೆ ಅಡ್ಡ ನಿಂತು, "ಹೊರಗ ಬಿಸಲು ಬೆಂಕಿ ಉಗಳಾಕತ್ತದ, ಕೈಯಾಗೂ ಬೆಂಕಿ ಹಿಡ್ಕೊಂಡು ಕುಂತಾನ ನನ್ನ ಮಗ. ಕೂಲರ್ ಆರಸಂದ್ರ ಹೆಂಗ್ರಿ ಸಾಹೇಬ್ರ? ನಿಮಗ ತಾಯಿ ಇಲ್ಲೇನ್ರಿ?" ಎಂದು ಕೇಳಿರುತ್ತಾರೆ. ಇದ್ದಾರೆ ಎಂದು ದಾಖಲಿಸಲಾಗಿದೆ.

12. ತಾಯಂದಿರ ವಿರುದ್ಧ ಶಿಸ್ತುಕ್ರಮಕ್ಕೆ ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ, ಶ್ರೀಮತಿ ಗಂಗಾಬಾಯಿ ಅವರನ್ನೇ ಗೌರವ ಗಾಳಿ ನಿಯಂತ್ರಣಾಧಿಕಾರಿ ಎಂದು ನೇಮಿಸಿ, ಬೆಸುಗೆ ಹಾಕುವಾಗ ಕೂಲರ್ ಬಂದ್, ಬಿಟ್ಟಾಗ ಚಾಲೂ ಮಾಡುವ ಹೊಣೆ ವಹಿಸಲಾಯಿತು. ಕಿಡಿ ಕಂಡ ಕೂಡಲೇ ಅವರು ಮಗನ ಮೇಲಿನ ಮರುಕದಿಂದ ಕೂಲರ್ ಚಾಲೂ ಮಾಡುತ್ತಿದ್ದುದರಿಂದ ಮೊದಲ ದಿನ ನಾಲ್ಕನೆಯ ಸ್ಟೂಲಿನ ಎರಡು ಕಾಲುಗಳಲ್ಲಿ ಪುನಃ ತೂತು ಬಿದ್ದಿರುತ್ತದೆ.

13. ಅಧಿಕಾರಿ ಎಂದ ಮೇಲೆ ಕುರ್ಚಿ ಬೇಕು. ಮನೆಯ ಪ್ಲಾಸ್ಟಿಕ್ ಕುರ್ಚಿಯಿಂದ ಸ್ವಿಚ್ಚು ಎಟುಕದ ಕಾರಣ, ಎರಡನೆಯ ದಿನ ಸಹಿದಾರರ ಕುರ್ಚಿಯನ್ನೇ ಟಂಟಂ ಆಟೋದಲ್ಲಿ ಹಾಕಿಸಿಕೊಂಡು ಹೋಗಿ ಸ್ವಿಚ್ಚಿನ ಬಳಿ ಇಡಲಾಯಿತು. ಈ ಹುದ್ದೆಯಲ್ಲಿ ಹಿಂದಿದ್ದವರು ಕಾಲಡಿ ಕಟ್ಟಿಗೆ ತುಂಡು ಬಡಿಸಿ ಎತ್ತರಿಸಿದ ಕೈಯಿಲ್ಲದ ಕುರ್ಚಿ ಅದು. ಅದರ ಮೇಲೆ ಕುಳಿತ ಗಂಗಾಬಾಯಿ ಅವರು ಅಡುಗೆ ಕಟ್ಟೆ ಸರಿಯಾಗಿ ಕೈಗೆ ಎಟುಕಿದ್ದನ್ನು ಗಮನಿಸಿ, ಸೊಸೆಯಿಂದ ಜೋಳದ ಹಿಟ್ಟು ತರಿಸಿಕೊಂಡು ರೊಟ್ಟಿ ಬಡಿಯಲು ಆರಂಭಿಸಿರುತ್ತಾರೆ. ಹದಿನಾಲ್ಕು ರೊಟ್ಟಿ ಮುಗಿಯುವವರೆಗೆ ಎರಡೂ ಕೈಯಲ್ಲಿ ಹಿಟ್ಟು ಇದ್ದುದರಿಂದ, ಬಂದ್ ಆಗಿದ್ದ ಕೂಲರಿನ ಸ್ವಿಚ್ಚು ಮುಟ್ಟಲಾಗಿರುವುದಿಲ್ಲ. ಆ ಅವಧಿಯಲ್ಲಿ ಸ್ಟೂಲಿನ ನಾಲ್ಕೂ ಕಾಲುಗಳ ಬೆಸುಗೆ ಮುಗಿದಿದ್ದು, ಶ್ರೀ ಅಜರುದ್ದೀನ ಅವರು ಸುತ್ತಿಗೆಯಿಂದ ಆರು ಏಟು ಹಾಕಿ, "ಹೌದೋ ಕಲ್ಯಾಣಣ್ಣಾ, ಗಂಡಸಾದಿ!" ಎಂದು ಪ್ರಮಾಣೀಕರಿಸಿರುತ್ತಾರೆ.

14. ಸ್ಟೂಲನ್ನು ಗಂಗಾಬಾಯಿ ಅವರಿಗೆ ಹಸ್ತಾಂತರಿಸಲು ಹೋದಾಗ ಅವರು ಕುರ್ಚಿಯಿಂದ ಏಳಲು ನಿರಾಕರಿಸಿ, "ಇದು ಚಲೋ ಅದರಿ, ಬೆನ್ನಿಗೂ ಆಸ್ರಾ ಅದ. ಮೂರ್ ಸಲ ಮುರದದ್ದು ನನಗ್ಯಾಕ್ರಿ? ನೀವ ಒಯ್ರಿ ಅದನ್ನ" ಎಂದು ತಿಳಿಸಿ, ಬಿಸಿ ರೊಟ್ಟಿಯೊಂದನ್ನು ಸಹಿದಾರರ ಕೈಗೆ ಕೊಟ್ಟಿರುತ್ತಾರೆ. ರೊಟ್ಟಿ ತೆಳ್ಳಗಿತ್ತು. ಕುರ್ಚಿಯನ್ನು ವಾಪಸು ಕೇಳುವ ಪ್ರಸ್ತಾವನೆಯನ್ನು ಅಲ್ಲಿಯೇ ಮುಕ್ತಾಯಗೊಳಿಸಲಾಗಿದೆ.

ಈ ಸುತ್ತೋಲೆಯನ್ನು ಕೂಲರಿನ ಮುಂದೆ ಹಿಡಿದು ಓದತಕ್ಕದ್ದಲ್ಲ. ಹಾಳೆ ಹಾರಿಹೋದಲ್ಲಿ ಇನ್ನೊಂದು ಪ್ರತಿ ನೀಡಲಾಗುವುದಿಲ್ಲ.

(ಸಹಿ)
ಗುರುಶಾಂತ
ಮನೆ ಬೆಸುಗೆ ಪರಿಶೀಲಕರು (ಪ್ರಭಾರ)
ವೆಲ್ಡಿಂಗ್ ಸಂಜೆ ತರಗತಿ, ಎರಡನೇ ಪ್ರಯತ್ನದಲ್ಲಿ ತೇರ್ಗಡೆ

ಪ್ರತಿಗಳು:
1) ಮೇಲಧಿಕಾರಿಗಳಿಗೆ: ಕುರ್ಚಿ ವಿಷಯದಲ್ಲಿ ಘಟನೋತ್ತರ ಮಂಜೂರಾತಿ ಕೋರಿ.
2) ಶ್ರೀಮತಿ ಗಂಗಾಬಾಯಿ, ಗೌರವ ಗಾಳಿ ನಿಯಂತ್ರಣಾಧಿಕಾರಿ, ಇಜೇರಿ: ಕೈ ತೊಳೆದುಕೊಂಡ ನಂತರ ಓದಿಸಿಕೊಳ್ಳಲು.
3) ಶ್ರೀಮತಿ ಜಯಮಾಲಾ: ಓದಿ ಹೇಳಲು, ದಪ್ಪ ರೊಟ್ಟಿಯ ಭಾಗವನ್ನು ಬಿಟ್ಟು.
4) ಶ್ರೀ ಅಜರುದ್ದೀನ: ಸುತ್ತಿಗೆಯೊಂದಿಗೆ ಈ ಕಚೇರಿಗೆ ಒಮ್ಮೆ ಬಂದುಹೋಗಲು.
5) ಎಮ್ಮೆ (ಕಂಡಿಕೆ 9ರಂತೆ ಬೇರೆಡೆ ಕಟ್ಟಲಾದುದು): ಗೋದಲಿಯ ಮೇಲೆ ಅಂಟಿಸಲು.
6) ಶ್ರೀ ಕಲ್ಯಾಣಕುಮಾರ: ನಾಲ್ಕನೆಯ ಸ್ಟೂಲು ಈ ಕಚೇರಿಯಲ್ಲಿ ಬಳಕೆಯಲ್ಲಿದ್ದು, ಸಹಿದಾರರು ಅದರ ಮೇಲೆ ಅರ್ಧ ಭಾರ ಮಾತ್ರ ಹಾಕಿ ಕುಳಿತು ಸಹಿ ಮಾಡಿರುತ್ತಾರೆ. ಪೂರ್ತಿ ಕೂರಬಹುದೇ ಎಂಬುದನ್ನು ಲಿಖಿತವಾಗಿ ತಿಳಿಸಲು.