ಗುಡಿಯ ಬಾಗಿಲಲ್ಲಿ ಬಿಟ್ಟ ಬೂಟು

ನೆಲಮಾಳಿಗೆ ಎಂದರೆ ನನಗೇನೂ ಹೊಸದಲ್ಲ. ಪಾಂಡವಪುರದ ಹೈಸ್ಕೂಲಿನ ಚರಿತ್ರೆ ಮೇಷ್ಟ್ರಾಗಿ ವರ್ಷಾವರ್ಷಾ ಮಕ್ಕಳಿಗೆ ಶ್ರೀರಂಗಪಟ್ಟಣದ ನೆಲದಡಿಯ ಸೆರೆಮನೆ ತೋರಿಸಿ, ಒಬ್ಬರನ್ನೂ ಕಳೆದುಕೊಳ್ಳದೆ ಮೇಲೆ ಹತ್ತಿಸಿಕೊಂಡು ಬಂದವನು ನಾನು! ಇನ್ನು ಕಂಪ್ಯೂಟರ್ ಆಟದ ನೆಲಮಾಳಿಗೆ ಯಾವ ಲೆಕ್ಕ?

ಕಂಪ್ಯೂಟರು ನನ್ನ ಬಾಮೈದ ಶಿವರಾಮುವಿನದು. ಕೆ.ಆರ್. ಪೇಟೆಯ ಅವನ ಟೈಪಿಂಗ್ ಅಂಗಡಿಯ ಸೂರು ಸೋರುತ್ತಿತ್ತೆಂದು, ರಿಪೇರಿ ಮುಗಿಯುವ ತನಕ ನಮ್ಮ ಮನೆಯಲ್ಲಿ ಇಟ್ಟಿದ್ದ. ಅದರೊಳಗಿದ್ದ, ನೆಲಮಾಳಿಗೆಯ ಅಂತಸ್ತು ಅಂತಸ್ತಾಗಿ ಕೆಳಗಿಳಿಯುವ ಆಟದ ಎರಡನೇ ಅಂತಸ್ತಿನಲ್ಲೇ ಸತ್ತು ಸತ್ತು ಸಾಕಾಗಿದ್ದ ಅವನು, "ಬಾವ, ಅದು ನಿಮ್ ಕೈಲಾಗಲ್ಲ ಬುಡಿ" ಅಂದುಬಿಟ್ಟ. ಅದೂ ನನ್ನ ಹೆಂಡತಿ ಜಯಂತಿಯ ಎದುರಿಗೆ!

"ಭಾನುವಾರ ಬಾ. ಮೂರನೇ ಅಂತಸ್ತು ದಾಟಿ ತೋರಿಸ್ತೀನಿ" ಎಂದು ಘೋಷಿಸಿದೆ.

ಅಂದಿನಿಂದ ಹಟ ಹಿಡಿದೆ. ಆ ಆಟದಲ್ಲಿ ಸತ್ತರೆ ಮುಗಿಯಿತು, ಮತ್ತೆ ಮೊದಲಿಂದ ಶುರು. ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆದೆ. ಇಲಿಗಳನ್ನು ಕೊಂದೆ. ನೋಡಿಕೋ ಎಂದು ಜಯಂತಿ ಒಪ್ಪಿಸಿಹೋದ ಹಾಲು ಉಕ್ಕಿಸಿದೆ. ಕೊನೆಗೆ ಆಟದಲ್ಲಿ ನನ್ನ ಹೆಸರು ಹೊತ್ತ ವೀರನಿಗೆ ಬೆಂಕಿ ತಾಗದ ಬೂಟು ಸಿಕ್ಕಿತು. ದಾರಿಯಲ್ಲೆಲ್ಲೂ ಬೆಂಕಿ ಇರಲಿಲ್ಲವಾದ್ದರಿಂದ ಅದು ಶೋಕಿಗೆ ಕೊಟ್ಟದ್ದೆಂದೇ ತಿಳಿದೆ.

ಭಾನುವಾರ ಶಿವರಾಮು ಬಂದು ಪಕ್ಕದಲ್ಲೇ ಕುಳಿತ. ಮೂರನೇ ಅಂತಸ್ತಿನ ತುದಿ ಮುಟ್ಟಿದ್ದೆ. ಎದುರಿಗೊಂದು ಗುಡಿ, ಅದರೊಳಗೆ ವಿಗ್ರಹ, ವಿಗ್ರಹದ ಹಿಂದೆ ಕೆಳಗಿಳಿಯುವ ಮೆಟ್ಟಿಲು! ಬಾಮೈದ ಕುರ್ಚಿ ಇನ್ನಷ್ಟು ಹತ್ತಿರ ಎಳೆದುಕೊಂಡ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕಾಫಿ ತಂದ ಜಯಂತಿ ತೆರೆ ನೋಡಿ ಹೌಹಾರಿದಳು. "ಅಯ್ಯೋ, ಗುಡಿ ಒಳೀಕೆ ಬೂಟಾಕ್ಕೊಂಡ್ ಓಯ್ತಾ ಇದೀರಲ್ಲ ರೀ!"

"ಇದು ಆಟ ಕಣೇ."

"ಆಟ ಆದ್ರೇನು, ದೇವ್ರು ದೇವ್ರಲ್ವಾ?"

"ಅಕ್ಕ ಯೋಳೋದು ಸರಿ ಕಣ್ ಬಾವ" ಎಂದ ಶಿವರಾಮು. ನಿಜ ಹೇಳಬೇಕೆಂದರೆ ನನಗೂ ಬೆರಳು ಮುಂದೆ ಹೋಗಿರಲಿಲ್ಲ. ಸರ್ವಾನುಮತದಿಂದ ಬೂಟು ಬಿಚ್ಚಿ ಬಾಗಿಲಲ್ಲಿಟ್ಟೆವು. ವಿಗ್ರಹಕ್ಕೆ ಪ್ರದಕ್ಷಿಣೆ ಹೊರಟೆ.

ಅರ್ಧ ಸುತ್ತು ಬಂದಿದ್ದೆ. ನೆಲ ಧಗ್ಗೆಂದಿತು!

"ಬೂಟು! ಬೂಟಾಕ್ಕೊಳಿ ಬಾವ!" ಶಿವರಾಮು ಎದ್ದು ನಿಂತ. ಬಾಗಿಲಿಗೆ ಓಡಿದೆ. ಬಾಗಿಲು ಇತ್ತು. ಬೂಟು ಇರಲಿಲ್ಲ! ಕುಳ್ಳ ರಾಕ್ಷಸನೊಬ್ಬ ಎತ್ತಿಕೊಂಡು ಓಡುತ್ತಿದ್ದ. ಗುಡಿ ಮುಂದೆ ಚಪ್ಪಲಿ ಕದಿಯುವ ಪದ್ಧತಿ ಆ ಲೋಕದಲ್ಲೂ ಇದೆಯೆಂದು ನನಗೇನು ಗೊತ್ತು?

ಹಾಗೆಂದು ಸೋಲೊಪ್ಪುವವನೇ ನಾನು? ಹಲ್ಲು ಕಚ್ಚಿ ಬರಿಗಾಲಲ್ಲೇ ಬೆಂಕಿಗೆ ನುಗ್ಗಿದೆ. ಮೆಟ್ಟಿಲು ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ತೆರೆಯ ಮೇಲೆ ಗೋರಿಕಲ್ಲು ಎದ್ದಿತು, ಮೇಲೆ ನನ್ನದೇ ಹೆಸರು!

ಜಯಂತಿ ತಣ್ಣಗೆ ಕೇಳಿದಳು, "ಒಂದು ಇಲ್ಲಿ, ಇನ್ನೊಂದು ಅಲ್ಲಿ ಬುಡಬಾರ್ದಿತ್ತಾ? ಜೊತೆ ಸಿಗ್ದೇ ಓದ್ರೆ ಯಾರೂ ಎತ್ಕೊಳಲ್ಲ."

ಅಂಗಡಿಯ ಸೂರು ರಿಪೇರಿಯಾಗಿತ್ತು; ಶಿವರಾಮು ನಗುತ್ತ ನಗುತ್ತಲೇ ಕಂಪ್ಯೂಟರ್ ಆಟೋಗೆ ಏರಿಸಿದ. ಸುದ್ದಿ ಅವನಿಗಿಂತ ಮೊದಲೇ ಕೆ.ಆರ್. ಪೇಟೆ ತಲುಪಿರಬೇಕು. ಈಗ ಅಲ್ಲಿ ಯಾವ ನಂಟರ ಮನೆಗೆ ಹೋದರೂ ಹೊಸಿಲಲ್ಲೇ ಸ್ವಾಗತ: "ಬನ್ನಿ ಮೇಷ್ಟ್ರೇ, ಚಪ್ಪಲಿ ಆಕ್ಕೊಂಡೇ ಒಳೀಕ್ ಬನ್ನಿ!"

ನಾನು ಮಾತ್ರ ಮರ್ಯಾದೆಯಿಂದ ಬಿಚ್ಚಿಯೇ ಒಳಗೆ ಹೋಗುತ್ತೇನೆ. ಒಂದನ್ನು ಬಾಗಿಲ ಬಳಿ, ಇನ್ನೊಂದನ್ನು ಹಿತ್ತಲಲ್ಲಿ.